ಗುಹೆಯೋ ಗೃಹವೋ

ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಟ್ಟದ 27 ತಿರುವುಗಳನ್ನು ಏರಿ, ಹಾಸನೂರಿನ ಕಾಡನ್ನು ಹಾದು ತಾಳವಾಡಿಯ ಬಯಲಿಗೆ ಬರುವ ಪಯಣಿಗನು, ಅಂದು ಹುಣ್ಣಿಮೆಯ ಇರುಳಾಗಿದ್ದರೆ, ಎರಡು ಬಗೆಯ ನೆಲೆಗಳನ್ನು ಒಂದೇ ನೋಟದಲ್ಲಿ ಕಾಣುವನು. ಒಂದು ಕಡೆಗೆ ಬೆಟ್ಟದ ಸಾಲು. ಅದನ್ನು ಯಾರೂ ಕಟ್ಟಿದುದಿಲ್ಲ. ಆನೆ ಹುಲಿಗಳೂ ಸೋಲಿಗರ ದೇವರುಗಳೂ ಅದರ ಮರೆಯಲ್ಲಿ ಇರುವುವು. ಇನ್ನೊಂದು ಕಡೆಗೆ ರಾಗಿ, ಮುಸುಕಿನ ಜೋಳ, ಕಬ್ಬುಗಳ ಹೊಲಗಳ ನಡುವೆ ಹಂಚಿನ ಮನೆಗಳು, ಆನೆಯ ಕಾವಲಿಗೆಂದು ಮರದ ಮೇಲೆ ಹೂಡಿದ ಅಟ್ಟಣೆಗಳು. ಇವು ಮನುಷ್ಯನು ಬೆವರು ಸುರಿಸಿ ಮಾಡಿಕೊಂಡುವು. ಆಡಳಿತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದಿರುವ ಈ ಸೀಮೆಯವರು, ಒದಗಿಬಂದ ನೆಲೆ ಯಾವುದು, ಕಟ್ಟಿಕೊಂಡ ನೆಲೆ ಯಾವುದು ಎಂಬ ಭೇದವನ್ನು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲರು. ಇವೆರಡರ ಮೇಲೆಯೂ ಸಮನಾಗಿ ಬೆಳಕು ಸುರಿಸುವ ಆ ಚಂದ್ರನ ಮೈಮೇಲೆಯೇ ಈಗ ಅದೇ ಭೇದವು ಒಂದು ಪ್ರಶ್ನೆಯಾಗಿ ಎದ್ದಿದೆ: ಅಲ್ಲಿಗೆ ಹೋಗಿ ತಂಗಬೇಕೆನ್ನುವ ಮನುಷ್ಯನು ಅಲ್ಲಿರುವ ಗುಹೆಯನ್ನು ಹೊಗತಕ್ಕುದೋ, ತನ್ನದೊಂದು ಗೃಹವನ್ನು ಕಟ್ಟತಕ್ಕುದೋ?

ಇದು ಯಂತ್ರಶಾಸ್ತ್ರಜ್ಞರಿಗೆ ಬಿಡಬೇಕಾದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರೀತು. ಭಾರವೆಷ್ಟು, ವೆಚ್ಚವೆಷ್ಟು, ಅಪಾಯವೆಷ್ಟು ಎಂಬ ಲೆಕ್ಕವನ್ನು ಅವರೇ ಮಾಡಬೇಕು, ನಿಜ. ಆದರೆ ಆಶ್ರಯವೆಂಬುದು ಎಲ್ಲಿಂದ ಬರುವುದು, ಅದನ್ನು ಪಡೆದವನಿಗೆ ಯಾವ ಋಣ ತಗಲುವುದು, ಕಾಪಾಡುವ ಗೋಡೆಯೊಂದು ಯಾವ ಗುಣದಿಂದ ಮನೆಯೆನಿಸಿಕೊಳ್ಳುವುದು ಎಂಬುವು ಧರ್ಮದ ಪ್ರಶ್ನೆಗಳು. 2040ರ ವೇಳೆಗೆ ಭಾರತೀಯನೊಬ್ಬನನ್ನು ಚಂದ್ರನ ಮೇಲೆ ಇಳಿಸಬೇಕೆಂಬ ಸಂಕಲ್ಪವನ್ನು ನಮ್ಮ ದೇಶ ಮಾಡಿರುವುದರಿಂದ, ಈ ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ, ನಮ್ಮ ನೆಲದ ಅನುಭವವನ್ನು ಮುಂದಿಟ್ಟುಕೊಂಡು ವಿಚಾರಿಸುವುದಕ್ಕೆ ಇದು ಅಕಾಲವೇನೂ ಅಲ್ಲ.

ಚಂದ್ರನಲ್ಲಿ ಆಶ್ರಯದ ಅಗತ್ಯವೆಷ್ಟೆಂಬುದನ್ನು ಮೊದಲು ತಿಳಿಯಬೇಕು. ಅಲ್ಲಿ ಗಾಳಿಯಿಲ್ಲ; ಆದುದರಿಂದ ಬಿಸಿಲನ್ನು ಹದಗೊಳಿಸುವ ತೆರೆಯಿಲ್ಲ, ಉಲ್ಕೆಯನ್ನು ದಾರಿಯಲ್ಲಿಯೇ ಉರಿಸಿಬಿಡುವ ಕಾವಲಿಲ್ಲ. ಭೂಮಿಗಿರುವಂತೆ ವ್ಯಾಪಕವಾದ ಕಾಂತಕ್ಷೇತ್ರವೂ ಇಲ್ಲವಾಗಿ ಸೂರ್ಯನಿಂದಲೂ ದೂರದ ನಕ್ಷತ್ರಲೋಕಗಳಿಂದಲೂ ಬರುವ ವಿಕಿರಣವು ನೇರವಾಗಿ ನೆಲವನ್ನು ತಾಕುವುದು. ನಮ್ಮ ಹದಿನಾಲ್ಕು ದಿನಗಳಷ್ಟು ಉದ್ದದ ಒಂದು ಹಗಲು, ಅಷ್ಟೇ ಉದ್ದದ ಒಂದು ರಾತ್ರಿ. ಮಧ್ಯರೇಖೆಯ ಬಳಿ ಹಗಲಿನ ಕಾವು ನೂರು ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೆ ರಾತ್ರಿಯ ಶೈತ್ಯವು ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುವುದು. ಆದರೆ ಈ ಉಗ್ರತೆಯೆಲ್ಲ ಮೈಮೇಲಿನದು. 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಇಳಿದ ಚಂದ್ರಯಾನ-3ರ ನೌಕೆಯು ಮಣ್ಣಿನೊಳಕ್ಕೆ ಒಂದು ಶಲಾಕೆಯನ್ನು ಊರಿ ನೋಡಿದಾಗ, ಮೇಲೆ ಸುಮಾರು 50 ಡಿಗ್ರಿ ಕಾವಿದ್ದ ಕಡೆಯಲ್ಲಿಯೇ ಎಂಟು ಸೆಂಟಿಮೀಟರ್ ಕೆಳಗೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕಡಮೆಯ ತಣುಪಿತ್ತು. ಎಂಟು ಸೆಂಟಿಮೀಟರ್ ಎಂದರೆ ನಾಲ್ಕು ಬೆರಳು. ನಾಲ್ಕು ಬೆರಳಿನ ಮಣ್ಣು ಇಷ್ಟನ್ನು ತಡೆಯಬಲ್ಲುದಾದರೆ ಹತ್ತಾರು ಆಳುದ್ದದ ಬಂಡೆಯು ಎಷ್ಟನ್ನು ತಡೆದೀತು! ಚಂದ್ರನಲ್ಲಿ ಒಳಕ್ಕೆ ಹೋದವನೇ ಬದುಕುವನು ಎಂಬುದು ಆ ನೆಲವು ತಾನಾಗಿ ಹೇಳಿದ ಮೊದಲ ಮಾತು.

ಒಳಕ್ಕೆ ಹೋಗುವ ದಾರಿಯನ್ನು ನಿಸರ್ಗವೇ ತೆರೆದಿಟ್ಟಿರುವ ಕಡೆಗಳು ಅಲ್ಲಿ ಉಂಟು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ, ಚಂದ್ರನ ಒಡಲಿನ ಶಿಲಾರಸವು ಮೇಲೆದ್ದು ಹೊಳೆಯಾಗಿ ಹರಿದಾಗ, ಹೊಳೆಯ ಮೇಲ್ಪದರವು ಆರಿ ಗಟ್ಟಿಯಾಗಿ ಒಳಗಿನ ಬಿಸಿ ರಸವು ಮುಂದೆ ಹರಿದುಹೋಗಿ, ಹಿಂದೆ ಬರಿದಾದ ಸುರಂಗಗಳು ಉಳಿದುವು. ಎಲ್ಲಿಯೋ ಒಂದೆಡೆ ಮಾಡು ಕುಸಿದಾಗ ಅಲ್ಲೊಂದು ಬಾವಿಯಂತಹ ಕಂಡಿ ಬಿದ್ದಿತು. ಜಪಾನಿನ ಕಗುಯ ನೌಕೆಯ ಚಿತ್ರಗಳಲ್ಲಿ ಮಾರಿಯಸ್ ಬೆಟ್ಟಗಳ ಇಂತಹ ಕಂಡಿಯೊಂದು 2009ರಲ್ಲಿ ಗುರುತಿಗೆ ಬಂದಿತು. ನಮ್ಮ ಚಂದ್ರಯಾನ-1 ತೆಗೆದ ಚಿತ್ರಗಳನ್ನು ಪರಿಶೀಲಿಸಿ, ಒಂದು ಕಿಲೋಮೀಟರಿಗೂ ಮೀರಿ ಕುಸಿಯದೆ ಉಳಿದ ಸುರಂಗವೊಂದನ್ನು 2011ರಲ್ಲಿ ಅಹಮದಾಬಾದಿನ ಇಸ್ರೋ ಕೇಂದ್ರದ ವಿಜ್ಞಾನಿಗಳು ಗುರುತಿಸಿ, ಅದು ಮುಂದೆ ಮನುಷ್ಯವಾಸಕ್ಕೆ ಒದಗಬಹುದೆಂದು ಸೂಚಿಸಿದರು. 1969ರಲ್ಲಿ ಅಪೊಲೊ-11 ಇಳಿದ ತಾಣದಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿ, ಪ್ರಶಾಂತಿಯ ಸಮುದ್ರವೆಂದು ಕರೆಯುವ ಶಿಲಾಬಯಲಿನಲ್ಲಿ, ನೂರು ಮೀಟರ್ ಅಗಲವೂ ಅಷ್ಟೇ ಆಳವೂ ಉಳ್ಳ ಇನ್ನೊಂದು ಕಂಡಿಯಿದೆ. ಅದರ ನೆರಳಿನ ಭಾಗದಲ್ಲಿ ಹಗಲು ರಾತ್ರಿಗಳ ಭೇದವಿಲ್ಲದೆ ಸುಮಾರು 17 ಡಿಗ್ರಿಯ ಹಿತವಾದ ಉಷ್ಣತೆ ಇರುವುದೆಂದು 2022ರ ಅಧ್ಯಯನವೊಂದು ಗಣಿಸಿತು. ಅದರ ತಳದಿಂದ ಪಕ್ಕಕ್ಕೆ ಗುಹಾಮಾರ್ಗವೊಂದು ಚಾಚಿಕೊಂಡಿರುವುದನ್ನು 2024ರಲ್ಲಿ ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ಸಂಶೋಧಕರು ರೇಡಾರ್ ಅಲೆಗಳ ಸಾಕ್ಷ್ಯದಿಂದ ತೋರಿಸಿದರು. ನಮ್ಮ ಡಿಸೆಂಬರಿನ ತಾಳವಾಡಿಯ ಬೆಳಗಿಗೆ ಹೋಲುವ ಆ ತಂಪು, ಯಾರಿಗೂ ಬೇಡವಾಗಿ, ಯಾರಿಗೂ ತಿಳಿಯದೆ, ಕೋಟ್ಯಂತರ ವರ್ಷಗಳಿಂದ ಅಲ್ಲಿ ಕಾದು ಕುಳಿತಿದೆಯೆಂದು ನೆನೆದಾಗ ಮನಸ್ಸು ಮೌನವಾಗುವುದು.

ಆದರೆ ಗುಹೆಯು ಕೇಳಿದಲ್ಲಿ ದೊರಕುವುದಿಲ್ಲ. ಶಿಲಾರಸ ಹರಿದ ಬಯಲುಗಳಲ್ಲಿ ಅದು ಉಂಟು. ನೀರ್ಗಲ್ಲು ಅಡಗಿರುವುದೆಂದು ಎಲ್ಲ ದೇಶಗಳೂ ಕಣ್ಣಿಟ್ಟಿರುವ ಧ್ರುವಪ್ರದೇಶವಾದರೋ ಬೇರೆ ಕಡೆಯಲ್ಲಿದೆ. ನೂರು ಮೀಟರಿನ ಕಡಿದಾದ ಗೋಡೆಯನ್ನು ಇಳಿಯಬೇಕು, ರೋಗಿಯನ್ನೂ ಸಾಮಗ್ರಿಯನ್ನೂ ಅದೇ ದಾರಿಯಲ್ಲಿ ಏರಿಸಬೇಕು. ಒಳಗೆ ಸೂರ್ಯನಿಲ್ಲ, ಸೌರಫಲಕವನ್ನು ಹೊರಗಿಟ್ಟು ತಂತಿ ಎಳೆಯಬೇಕು. ಭೂಮಿಯ ದನಿಯೂ ಬಂಡೆಯನ್ನು ತೂರಿ ಬರಲಾರದು. ಮಾಡಿನ ಯಾವ ಕಲ್ಲು ಎಷ್ಟು ಬಿಗಿಯಾಗಿದೆ ಎಂಬುದನ್ನು ಒಳಹೊಕ್ಕು ನೋಡದೆ ಹೇಳುವಂತಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದುದು, ಗುಹೆಯು ಮರೆಯನ್ನು ಕೊಡುವುದೇ ಹೊರತು ಉಸಿರನ್ನು ಕೊಡುವುದಿಲ್ಲ. ಗಾಳಿಯನ್ನು ಹಿಡಿದಿಡುವ ಒಂದು ಕೋಶವನ್ನು ಅದರೊಳಗೂ ಮನುಷ್ಯನೇ ಕಟ್ಟಿಕೊಳ್ಳಬೇಕು.

ಕಟ್ಟುವವರ ಪಕ್ಷಕ್ಕೆ ಬಂದರೆ, ಅವರ ಮಾತಿನಲ್ಲಿಯೂ ಗೌರವಕ್ಕೆ ಪಾತ್ರವಾದ ಸಾರವಿದೆ. ಬೇಕಾದಲ್ಲಿ ಕಟ್ಟಬಹುದು, ಗೋಡೆಯ ಬಲವನ್ನು ಮೊದಲೇ ಪರೀಕ್ಷಿಸಬಹುದು, ಕೆಟ್ಟುದನ್ನು ತಿದ್ದಬಹುದು. ಇಟ್ಟಿಗೆಯನ್ನು ಭೂಮಿಯಿಂದ ಹೊತ್ತೊಯ್ಯುವುದು ಅಸಾಧ್ಯವೆನ್ನುವಷ್ಟು ದುಬಾರಿಯಾದುದರಿಂದ ಅಲ್ಲಿನ ಮಣ್ಣಿನಿಂದಲೇ ಅದನ್ನು ಮಾಡುವ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋದೊಡನೆ ಕೂಡಿ, ಚಂದ್ರನ ಮಣ್ಣಿಗೆ ಸಮಾನವಾದ ಪುಡಿಗೆ ಯೂರಿಯಾ, ಒಂದು ಜಾತಿಯ ಬ್ಯಾಕ್ಟೀರಿಯ ಮತ್ತು ಗೋರಿಕಾಯಿ ಬೀಜದ ಅಂಟನ್ನು ಸೇರಿಸಿ ಇಟ್ಟಿಗೆಯನ್ನು ಮಾಡಬಹುದೆಂದು 2020ರಲ್ಲಿ ತೋರಿಸಿದರು. ಸುಟ್ಟು ಮಾಡಿದ ಅಂತಹ ಇಟ್ಟಿಗೆಗಳು ಬಿರುಕು ಬಿಟ್ಟಾಗ ಆ ಸೂಕ್ಷ್ಮಜೀವಿಗಳಿಂದಲೇ ಬಿರುಕನ್ನು ಬೆಸೆಯುವ ಉಪಾಯವನ್ನೂ ಅವರು ಮುಂದೆ ಅರಸಿದರು. ನಮ್ಮ ಹಿತ್ತಿಲಿನಲ್ಲಿ ಪಲ್ಯಕ್ಕೆಂದು ಕೀಳುವ ಗೋರಿಕಾಯಿಯು ಚಂದ್ರನ ಗೋಡೆಗೆ ಅಂಟಾಗುವುದೆಂದರೆ ಅದು ಸಣ್ಣ ಸಂಗತಿಯಲ್ಲ. ಇನ್ನೂ ಹತ್ತಿರದ ನಂಟು ಒಂದಿದೆ. ಈರೋಡಿಗೆ ನೆರೆಯದಾದ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ಹರಡಿರುವ ಅನಾರ್ಥೊಸೈಟ್ ಎಂಬ ಬಿಳುಪು ಬಂಡೆಯು ಚಂದ್ರನ ಎತ್ತರದ ನೆಲಗಳ ಬಂಡೆಗೆ ಹೋಲುವುದರಿಂದ, ಅದನ್ನು ಪುಡಿಮಾಡಿಯೇ ಇಸ್ರೋದವರು ತಮ್ಮ ನೌಕೆಗಳ ಪರೀಕ್ಷೆಗೆ ಕೃತಕವಾದ ಚಂದ್ರಮಣ್ಣನ್ನು ಸಿದ್ಧಪಡಿಸಿದರು. ದಿಂಬಂ ಇಳಿದು ಮೂಡಲಿಗೆ ನಡೆದವನ ಕಾಲಡಿಯಲ್ಲಿ ಚಂದ್ರನ ದಾಯಾದಿಯೇ ಬಿದ್ದಿರುವನು.

ಹೀಗೆ ಗುಣದೋಷಗಳನ್ನು ತೂಗಿದಾಗ ತಕ್ಕಡಿಯು ಯಾವ ಕಡೆಗೂ ಪೂರ್ತಿಯಾಗಿ ಬಾಗದು. ಇದಕ್ಕೆ ಕಾರಣವನ್ನು ಹುಡುಕುವಾಗ ನನಗೆ ನೆನಪಾಗುವುದು ಈ ಸೀಮೆಯ ಹಗೇವು. ಗಟ್ಟಿನೆಲದಲ್ಲಿ ಕಿರಿದಾದ ಬಾಯಿ ತೋಡಿ, ಒಳಗೆ ಹೊಟ್ಟೆಯನ್ನು ಹಿಗ್ಗಿಸಿ, ಹುಲ್ಲು ಹಾಸಿ, ರಾಗಿಯನ್ನು ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಾನುಗಟ್ಟಲೆ ಹುಳು ಹಿಡಿಯದೆ ಉಳಿಯುವುದು. ಅದನ್ನು ಗುಹೆಯೆನ್ನಲೆ? ನೆಲದ ಒಡಲೇ ಅಲ್ಲಿ ಗೋಡೆ. ಗೃಹವೆನ್ನಲೆ? ಮನುಷ್ಯನ ಗುದ್ದಲಿಯೇ ಅದರ ಶಿಲ್ಪಿ. ಕಾಳು ಉಳಿಯುವುದು ಒಳಗಿನ ಗಾಳಿ ಸತ್ತುಹೋಗುವುದರಿಂದ. ಅದೇ ಕಾರಣದಿಂದ, ಬಾಯಿ ತೆರೆದೊಡನೆ ಇಳಿದ ಮನುಷ್ಯನು ಮೇಲೆ ಬಾರನು. ನಮ್ಮ ಮನೆಯ ಹಗೇವನ್ನು ತೆರೆದ ದಿನ ಅಜ್ಜನು ಯಾರನ್ನೂ ಹತ್ತಿರ ಬಿಡದೆ ಬಹಳ ಹೊತ್ತು ಕಾದು, ಆಮೇಲೆ ಹಗ್ಗಕ್ಕೆ ಕಟ್ಟಿದ ಹಣತೆಯೊಂದನ್ನು ನಿಧಾನವಾಗಿ ಒಳಕ್ಕೆ ಇಳಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದೆ. ದೀಪ ಉರಿದರೆ ಆಳು ಇಳಿಯಬಹುದು. ದೀಪ ಆರಿದರೆ ಆ ದಿನ ಯಾರೂ ಇಳಿಯುವುದಿಲ್ಲ, ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಇಳಿಯುವುದಿಲ್ಲ. ಕಾಪಾಡುವ ಕತ್ತಲೆ ಬೇರೆ, ಬಾಳುವ ನೆಲೆ ಬೇರೆ ಎಂಬುದನ್ನು ನಾನು ಮೊದಲು ಕಲಿತದ್ದು ಅಲ್ಲಿಯೇ.

ಶಬ್ದಗಳೂ ಈ ಭೇದವನ್ನು ತಮ್ಮೊಳಗೆ ಇಟ್ಟುಕೊಂಡಿವೆ. ಗುಹೆ ಎಂಬುದು ಮರೆಮಾಡು ಎಂಬರ್ಥದ ಗುಹ್ ಧಾತುವಿನಿಂದ ಬಂದುದು. ಗೃಹವೆಂಬುದನ್ನು ಹಿಡಿ ಎಂಬರ್ಥದ ಗ್ರಹ್ ಧಾತುವಿಗೆ ಸಂಪ್ರದಾಯವು ಜೋಡಿಸುವುದು. ಗುಹೆಯಲ್ಲಿ ನಾವು ಅಡಗುವೆವು. ಗೃಹವನ್ನು ನಾವು ಹಿಡಿದುಕೊಳ್ಳುವೆವು. ಮೊದಲನೆಯದರಲ್ಲಿ ನಾವು ಒಳಗಾದವರು, ಎರಡನೆಯದರಲ್ಲಿ ಒಡೆಯರು. ತೈತ್ತಿರೀಯ ಉಪನಿಷತ್ತು ಪರತತ್ತ್ವವನ್ನು ಗುಹೆಯಲ್ಲಿ ನಿಹಿತವಾದುದೆಂದು ವರ್ಣಿಸಿರುವುದು ಆಕಸ್ಮಿಕವಲ್ಲ. ಹಿಡಿತಕ್ಕೆ ಸಿಕ್ಕದುದಕ್ಕೆ ಗುಹೆಯೇ ಉಚಿತವಾದ ನೆಲೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಮುನಿಗಳು ತಮ್ಮ ಕೊನೆಯ ದಿನಗಳನ್ನು ಕಳೆದರೆಂದು ಹೇಳುವ ಗುಹೆಯಿದೆ. ಶ್ರೀಶೈಲದ ಕಾಡಿನಲ್ಲಿ ಅಕ್ಕಮಹಾದೇವಿಯ ಹೆಸರಿನ ಗುಹೆಯಿದೆ. ಎಲ್ಲವನ್ನೂ ಬಿಟ್ಟವರು ಗುಹೆಯನ್ನು ಹೊಕ್ಕರು; ಎಲ್ಲರನ್ನೂ ಸಾಕಬೇಕಾದವರು ಗೃಹವನ್ನು ಕಟ್ಟಿ ಗೃಹಸ್ಥರಾದರು. ಆದರೆ ಈ ಎರಡು ದಾರಿಗಳು ಒಂದಾದ ಉದಾಹರಣೆಯೊಂದು ಕನ್ನಡದಲ್ಲಿಯೇ ಉಂಟು. ಹನ್ನೆರಡನೆಯ ಶತಮಾನದ ಅಲ್ಲಮಪ್ರಭು ತನ್ನ ವಚನಗಳಿಗೆ ಇಟ್ಟುಕೊಂಡ ಅಂಕಿತ ಗುಹೇಶ್ವರ. ನೆಲದಲ್ಲಿ ಹೂತುಹೋಗಿದ್ದ ದೇಗುಲವೊಂದರ ಕಳಸವನ್ನು ಕಂಡು, ಅಗೆದು, ಒಳಹೊಕ್ಕು, ಅಲ್ಲಿ ಅನಿಮಿಷಯ್ಯನ ಕೈಯಿಂದ ಆತನು ಲಿಂಗವನ್ನು ಪಡೆದನೆಂಬುದು ಹರಿಹರನ ರಗಳೆಯ ಕಥೆ. ಕಟ್ಟಿದ ಗುಡಿಯೇ ಕಾಲಕ್ರಮದಲ್ಲಿ ಗುಹೆಯಾಗಿತ್ತು. ಗುಹೆಯಲ್ಲಿ ದೊರೆತುದನ್ನು ಹೊತ್ತು ಆತನು ಕಲ್ಯಾಣದ ಅನುಭವ ಮಂಟಪಕ್ಕೆ ಬಂದು ಶರಣರ ನಡುವೆ ಕುಳಿತನು. ಗುಹೆಯ ಒಡೆಯನನ್ನು ನೆನೆಯುತ್ತಲೇ ಮಂಟಪದಲ್ಲಿ ಬಾಳಬಹುದೆಂಬುದನ್ನು ಆತನ ನಡೆ ತೋರಿಸಿಕೊಟ್ಟಿತು.

ಹಾಗೆಂದು ಗುಹೆಯೆಲ್ಲ ಪವಿತ್ರ, ಗೃಹವೆಲ್ಲ ಧರ್ಮ ಎಂದು ಭ್ರಮಿಸುವಂತಿಲ್ಲ. ಈ ಬೆಟ್ಟಗಳಿಗೆ ನೆರೆಯ ಮಲೆ ಮಹದೇಶ್ವರನ ಕಾವ್ಯವನ್ನು ಹಾಡುವವರು ಸೋಲಿಗರ ಸಂಕಮ್ಮನ ಕಥೆಯನ್ನು ಹೇಳುವರು. ಬೇಟೆಗೆ ಹೊರಟ ಗಂಡ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ, ತಾನು ಕೇಳಿದ ಭಾಷೆಯನ್ನು ಅವಳು ಕೊಡಲೊಪ್ಪದಿರಲು, ಅವಳನ್ನು ಗುಡಿಸಲೊಂದರಲ್ಲಿ ಕೂಡಿಹಾಕಿ ಕಾವಲಿಟ್ಟು ಹೋದನು. ಮಾದಪ್ಪನೆಂದು ಜನ ಕರೆಯುವ ಆ ಮಹದೇಶ್ವರನು ಬಂದು ಅವಳನ್ನು ಹರಸಿ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸಿದನು. ಆ ಗುಡಿಸಲು ಕಟ್ಟಿದವನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿತು. ಕಟ್ಟಿದ ಮನೆಗೆ ಕಟ್ಟಿದವನ ಭಯವೇ ತೊಲೆ, ಅವನ ಸಂಶಯವೇ ಅಗುಳಿ. ನಿಸರ್ಗದ ಮರೆಗೂ ಒಂದು ಕುಂದಿದೆ. 2000ದ ಜುಲೈ 30ರ ಇರುಳು, ತಾಳವಾಡಿಗೆ ಹತ್ತಿರದ ಗಾಜನೂರಿನ ತೋಟದ ಮನೆಯಿಂದ, ಅದೇ ಊರಿನಲ್ಲಿ ಹುಟ್ಟಿ ಕನ್ನಡಿಗರ ಕಣ್ಮಣಿಯಾದ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಒಯ್ದಾಗ, ಸೆರೆಯಾಳನ್ನೂ ಸೆರೆಹಿಡಿದವನನ್ನೂ 108 ದಿನ ಇದೇ ಕಾಡು ಒಂದೇ ಬಗೆಯಾಗಿ ಮರೆಮಾಡಿಕೊಂಡಿತು. ಒಳಗೆ ಬಂದವನು ಯಾರೆಂದು ಕಾಡು ಕೇಳಲಿಲ್ಲ, ಗುಹೆಯೂ ಕೇಳದು. ಆಶ್ರಯಕ್ಕೆ ಧರ್ಮಾಧರ್ಮಗಳ ವಿವೇಕವು ತಾನಾಗಿ ಬರುವುದಿಲ್ಲ, ಆಶ್ರಯ ಪಡೆದವನು ಅದನ್ನು ತನ್ನೊಡನೆ ಕೊಂಡೊಯ್ಯಬೇಕು.

ಏನನ್ನು ಕೊಂಡೊಯ್ಯಬೇಕೆಂಬುದನ್ನು ನೆರೆಯ ಬಿಳಿಗಿರಿಯ ಸೋಲಿಗರಿಂದ ಕಲಿಯಬಹುದು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೊಂದು ಎಲ್ಲೆ ಉಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳೆಂಬ ಪೂಜಾಸ್ಥಾನಗಳು. ಎಲ್ಲೆಯೆಂದರೆ ನಮ್ಮ ದಸ್ತಾವೇಜಿನಲ್ಲಿ ಸ್ವತ್ತಿನ ಗಡಿ. ಅವರಲ್ಲಿ ಅದು ಹೊಣೆಯ ಗಡಿ. ಈ ಬಂಡೆಯನ್ನು, ಈ ನೀರನ್ನು ನೋಡಿಕೊಳ್ಳಬೇಕಾದವರು ನಾವು ಎಂಬ ಭಾವದಿಂದ ಅವರು ಅಲ್ಲಿ ಇರುವರು. ಆಶ್ಚರ್ಯವೆಂದರೆ, ಚಂದ್ರನ ವಿಷಯದಲ್ಲಿ ಜಗತ್ತಿನ ರಾಷ್ಟ್ರಗಳು 1967ರಲ್ಲಿ ಮಾಡಿಕೊಂಡ ಒಪ್ಪಂದವೂ ಇದೇ ದಿಕ್ಕಿನದು: ಚಂದ್ರನನ್ನಾಗಲಿ ಅದರ ಯಾವ ಭಾಗವನ್ನಾಗಲಿ ಯಾವ ರಾಷ್ಟ್ರವೂ ತನ್ನದೆಂದು ವಶಪಡಿಸಿಕೊಳ್ಳುವಂತಿಲ್ಲ. ಹಿಡಿದುಕೊಳ್ಳುವುದೇ ಗೃಹದ ಅರ್ಥವಾದರೆ, ಚಂದ್ರನ ಮೇಲೆ ಧರ್ಮವಾಗಿ ಗೃಹವೇ ಸಾಧ್ಯವಿಲ್ಲ. ಅಲ್ಲಿಗೆ ಹೋದವನು ಅತಿಥಿಯಾಗಿಯೇ ಇರತಕ್ಕುದು.

ಅತಿಥಿಗೆ ಯಾವುದು ಒಪ್ಪುವುದು? ನನ್ನ ನಿರ್ಣಯ ಇದು. ಅವನು ಮೊದಲು ಗುಹೆಯ ಬಾಗಿಲಿಗೆ ಹೋಗಬೇಕು. ಒದಗಿಬಂದ ಮಾಡಿರುವಾಗ ಅದನ್ನು ಬಿಟ್ಟು, ನೆಲವನ್ನು ಬಗೆದು, ಮಣ್ಣನ್ನು ಸುಟ್ಟು, ಬಯಲಿನ ಮುಖವನ್ನು ಗಾಯಗೊಳಿಸುವುದು ಅತಿಥಿಯ ಮರ್ಯಾದೆಯಲ್ಲ. ಗಾಳಿ ಮಳೆಗಳಿಲ್ಲದ ಆ ಲೋಕದಲ್ಲಿ ನಮ್ಮ ಹೆಜ್ಜೆಯ ಗುರುತೂ ಯುಗಯುಗಗಳ ಕಾಲ ಅಳಿಯದೆ ನಿಲ್ಲುವುದಲ್ಲವೆ? ಗುಹೆಯೊಳಗೆ ಉಸಿರಿಗೆಷ್ಟು ಬೇಕೋ ಅಷ್ಟನ್ನೇ ಕಟ್ಟಿಕೊಳ್ಳಲಿ. ಗುಹೆಯಿಲ್ಲದ ಧ್ರುವದಲ್ಲಿ ಕಟ್ಟಲೇಬೇಕಾದರೆ ಅಲ್ಲಿ ಕಟ್ಟಲಿ. ಆದರೆ ಗುಹೆಯಿಂದ ಕಲಿತ ಅಳತೆಯಲ್ಲಿ, ತೆಗೆದ ಮಣ್ಣನ್ನೇ ಹೊದ್ದುಕೊಂಡು, ಇದು ನನ್ನದೆನ್ನುವ ಬೇಲಿಯಿಲ್ಲದೆ ಕಟ್ಟಲಿ. ಮತ್ತು ಎರಡು ಕಡೆಯಲ್ಲಿಯೂ, ಉಸಿರು ಕಟ್ಟುತ್ತ ಬಂದ ಬೇರೆ ದೇಶದವನಿಗೆ ತೆರೆಯುವ ಬಾಗಿಲೊಂದಿರಲಿ. ಗಾಳಿಯನ್ನು ಅಳೆದು ಉಸಿರಾಡಬೇಕಾದ ಲೋಕದಲ್ಲಿ ಒಬ್ಬ ಅನ್ಯನಿಗೆ ಬಾಗಿಲು ತೆಗೆಯುವುದು ನಮ್ಮ ಗೃಹಸ್ಥಧರ್ಮದ ಅತಿಥಿಸತ್ಕಾರಕ್ಕಿಂತ ಕಠಿನವಾದ ವ್ರತ. ಆ ವ್ರತವುಳ್ಳಲ್ಲಿ ಗುಹೆಯೂ ಮನೆಯಾಗುವುದು, ಅದಿಲ್ಲದಲ್ಲಿ ಅರಮನೆಯೂ ಹಗೇವು.

ಗುಹೆಯನ್ನು ನಾನು ಮುಂದಿಡುವುದಕ್ಕೆ ಇನ್ನೂ ಒಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡ ಕಾರಣ. ಕಟ್ಟಿದ ಗೋಡೆಯು ನಾವು ಹೇಳಿದಂತೆ ಕೇಳುವುದು. ಗುಹೆಯು ಹೇಳುವುದನ್ನು ನಾವು ಕೇಳಬೇಕಾಗುವುದು. ಅದು ಬಾ ಎನ್ನಬಹುದು, ಬೇಡ ಎನ್ನಬಹುದು. ಮಾಡಿನ ಕಲ್ಲು ಸಡಿಲವಾಗಿರಬಹುದು, ದಾರಿ ಮುಚ್ಚಿರಬಹುದು, ಮುನ್ನೂರು ಕೋಟಿ ವರ್ಷಗಳಿಂದ ಕದಲದ ಆ ಧೂಳಿನಲ್ಲಿ ಚಂದ್ರನ ಹಾಗೂ ಸೂರ್ಯನ ಹಳೆಯ ಚರಿತ್ರೆಯು ಬರೆದಂತೆ ಉಳಿದಿದ್ದು ನಾವು ಕಾಲಿಟ್ಟೊಡನೆ ಅಳಿಸಿಹೋಗುವಂತಿರಬಹುದು. ಅಂತಹ ಕಡೆಯಲ್ಲಿ ಹಿಂದಿರುಗಿ ಬರುವ ಧೈರ್ಯವೂ ನಮಗಿರಬೇಕು. ವಿಜ್ಞಾನಿಗಳು ಮನುಷ್ಯನಿಗಿಂತ ಮುಂಚೆ ಆ ಕಂಡಿಗಳೊಳಕ್ಕೆ ಯಂತ್ರವೊಂದನ್ನು ಹಗ್ಗದಿಂದ ಇಳಿಬಿಟ್ಟು ನೋಡುವ ಯೋಚನೆಯಲ್ಲಿರುವರು. ಅದನ್ನು ಓದಿದ ದಿನ ನನಗೆ ಹಗೇವಿನ ಬಾಯಲ್ಲಿ ಮಂಡಿಯೂರಿ ಕುಳಿತ ಅಜ್ಜನೇ ಕಣ್ಣ ಮುಂದೆ ಬಂದನು: ಕೈಯಲ್ಲಿ ಹಗ್ಗ, ಕೆಳಗೆ ಕತ್ತಲೆಯಲ್ಲಿ ಇಳಿಯುತ್ತಿರುವ ಪುಟ್ಟ ಹಣತೆ, ಹಿಂದೆ ಹಸಿದು ನಿಂತ ಮನೆಮಂದಿ. ದೀಪ ಆರಿದರೆ ಅವನು ಒಂದು ಮಾತೂ ಆಡದೆ ಹಗ್ಗವನ್ನು ಮೇಲಕ್ಕೆಳೆದು, ನಾಳೆ ನೋಡೋಣವೆಂದು ಎದ್ದುಬಿಡುತ್ತಿದ್ದನು. ಚಂದ್ರನ ಗುಹೆಯ ಬಾಯಲ್ಲಿ ಹಗ್ಗ ಹಿಡಿದು ಕೂರುವವರಿಗೂ ಆ ಕೈ, ಆ ತಾಳ್ಮೆ ಇರಲಿ.